ಸುಡದ ಮಣ್ಣಿನಿಂದ ಭೂದೃಶ್ಯಗಳ ರಚನೆ

ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ನಮ್ಮ ಸೀಮೆಯ ಬೇಸಾಯಗಾರರ ಮನೆಗಳಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ವಾಡಿಕೆಯುಂಟು. ಭಾದ್ರಪದದಲ್ಲಿ ಗಣಪತಿಯ ವಿಗ್ರಹ, ನವರಾತ್ರಿಯಲ್ಲಿ ಬೊಂಬೆಗಳ ಸಾಲಿನ ಮುಂದೆ ಪೈರು ಮೊಳೆತ ಪುಟ್ಟ ಊರು, ಕ್ರಿಸ್ತಜಯಂತಿಯ ಕಾಲದಲ್ಲಿ ಬೆತ್ಲೆಹೇಮಿನ ಗೋದಲಿ, ಇವುಗಳನ್ನು ಒಂದಲ್ಲ ಒಂದು ಮನೆಯಲ್ಲಿ ಕಾಣದ ಬಾಲಿಕೆಯೇ ಇಲ್ಲವೆನ್ನಬಹುದು. ಗೋದಲಿಯನ್ನು ಕಟ್ಟುವ ಪದ್ಧತಿಯು ೧೨೨೩ನೆಯ ಇಸವಿಯಲ್ಲಿ ಇಟಲಿ ದೇಶದ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಏರ್ಪಡಿಸಿದ ದೃಶ್ಯದಿಂದ ಹಬ್ಬಿತೆಂದು ಹೇಳುವರು. ಅಲ್ಲಿ ನಿಂತಿದ್ದುವು ಜೀವವಿದ್ದ ಎತ್ತು ಕತ್ತೆಗಳು. ಮಣ್ಣಿನವು ಅನಂತರ ಬಂದುವು. ಈ ಎಲ್ಲ ರಚನೆಗಳ ಉದ್ದೇಶವು ಬೇರೆ ಬೇರೆಯಾದರೂ, ಮಾಡುವವರ ಕೈಯಲ್ಲಿರುವ ವಸ್ತುವು ಬಹುಮಟ್ಟಿಗೆ ಒಂದೇ. ಅದು ಕುಂಬಾರನ ಆವಿಗೆಯನ್ನು ಕಾಣದೆ, ಗಾಳಿಯಲ್ಲಿಯೇ ಒಣಗಿ ಗಟ್ಟಿಯಾಗುವ ಮಣ್ಣು.

ಪಾಠಶಾಲೆಗಳಲ್ಲಿಯೂ ಭೂಗೋಳದ ಬೋಧನೆಗಾಗಿ ಬೆಟ್ಟ, ಕಣಿವೆ, ಹೊಳೆ, ಊರು ಇವುಗಳ ಮಾದರಿಗಳನ್ನು ಇದೇ ಮಣ್ಣಿನಿಂದ ಮಾಡಿಸುವರು. ಇವುಗಳಲ್ಲಿ ಅನೇಕವು ಪ್ರದರ್ಶನದ ದಿನ ಬರುವಷ್ಟರಲ್ಲಿಯೇ ಬಿರುಕುಬಿಟ್ಟು, ಅಂಚು ಮೇಲಕ್ಕೆದ್ದು, ಹಲಗೆಯಿಂದ ಕಳಚಿಕೊಳ್ಳುವುದನ್ನು ನೋಡಿದ್ದೇವೆ. ಆಗ ಬಾಲಿಕೆಯರ ಕೈ ಪಳಗಿಲ್ಲವೆಂದು ದೂರುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಕೈಯ ದೋಷವು ಅಲ್ಪವೇ. ಮಣ್ಣಿನಿಂದ ನೀರು ಹೊರಟುಹೋಗುವ ಕ್ರಮವನ್ನು ಮೊದಲೇ ತಿಳಿದುಕೊಳ್ಳದಿರುವುದು ಮುಖ್ಯವಾದ ಕಾರಣ. ಅದಲ್ಲದೆ, ಬಿರುಕು ಬಿಟ್ಟ ಮಾದರಿಯು ಕಣ್ಣಿಗೆ ಅಂದಗೆಡುವುದಷ್ಟೇ ಅಲ್ಲ, ಕೆಲವು ವೇಳೆ ಸುಳ್ಳನ್ನೂ ಹೇಳುವುದು. ಅದು ಹೇಗೆಂಬುದನ್ನು ಹೊನ್ನಾಳಿಯ ಹೊಳೆದಂಡೆಯನ್ನು ಉದಾಹರಣೆಯಾಗಿಟ್ಟುಕೊಂಡು ಮುಂದೆ ವಿವರಿಸುವೆವು.

ಅಂಗಡಿಗಳಲ್ಲಿ ದೊರೆಯುವ ರೂಪಣದ ಪದಾರ್ಥಗಳೆಲ್ಲವೂ ಒಂದೇ ಜಾತಿಯವಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದ ವಿಲಿಯಂ ಹಾರ್ಬಟ್ ಎಂಬ ಚಿತ್ರಕಲೋಪಾಧ್ಯಾಯನು ೧೮೯೭ರಲ್ಲಿ ಕಂಡುಹಿಡಿದ ಪ್ಲಾಸ್ಟಿಸೀನ್ ಎಂಬುದರಲ್ಲಿ ನೀರಿಗೆ ಬದಲಾಗಿ ಜಿಡ್ಡಿನ ಪದಾರ್ಥವಿರುವುದರಿಂದ ಅದು ಎಂದಿಗೂ ಒಣಗದು. ಅಭ್ಯಾಸಕ್ಕೆ ಒಳ್ಳೆಯದು, ಉಳಿಯತಕ್ಕ ಕೆಲಸಕ್ಕೆ ಅಲ್ಲ. ಎರಡು ಮುದ್ದೆಗಳನ್ನು ಬೆರೆಸಿ ಉಪಯೋಗಿಸುವ ಇನ್ನೊಂದು ಬಗೆಯುಂಟು. ಅದು ರಾಸಾಯನಿಕ ಕ್ರಿಯೆಯಿಂದ ಕಲ್ಲಿನಂತಾಗುವುದೇ ಹೊರತು ಒಣಗುವುದರಿಂದಲ್ಲ. ನಾವು ಇಲ್ಲಿ ಹೇಳತಕ್ಕದ್ದು ಮೂರನೆಯ ಬಗೆಯನ್ನು ಕುರಿತು: ಜೇಡಿ, ನೀರು, ಕಾಗದದ ಅಥವಾ ಮರದ ನಾರು, ಸ್ವಲ್ಪ ಅಂಟು, ಇಷ್ಟನ್ನು ಕಲಸಿದ್ದು. ಪೊಟ್ಟಣದಲ್ಲಿ ಕೊಂಡುತಂದರೂ ಸರಿ, ಮನೆಯಲ್ಲಿ ಹದಮಾಡಿಕೊಂಡರೂ ಸರಿ, ಅದರ ಸ್ವಭಾವವು ಒಂದೇ.

ಸುಟ್ಟ ಮಣ್ಣಿಗೂ ಒಣಗಿದ ಮಣ್ಣಿಗೂ ಇರುವ ಭೇದವನ್ನು ಮರೆಯಬಾರದು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಕರಾವಳಿಯ ನದಿಗಳ ಜೇಡಿಯು ಹೆಂಚಾಗಿ ದೇಶದೇಶಗಳ ಮಾಡುಗಳನ್ನೇರಿತಷ್ಟೆ. ಆ ಹೆಂಚು ನೂರು ಮಳೆಗಾಲಗಳನ್ನು ತಡೆಯುವುದು. ಏತಕ್ಕೆಂದರೆ ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಶಾಖದಲ್ಲಿ ಮಣ್ಣಿನ ಕಣಗಳೊಳಗೇ ಸೇರಿಕೊಂಡಿರುವ ನೀರು ಸಹ ಹೊರಟುಹೋಗಿ, ಅದು ಮತ್ತೆ ಕೆಸರಾಗದಂಥ ಬೇರೊಂದು ವಸ್ತುವಾಗುವುದು. ನೆರಳಿನಲ್ಲಿ ಒಣಗಿದ ಮಣ್ಣಾದರೋ ಕಣಗಳ ನಡುವಣ ನೀರನ್ನು ಮಾತ್ರ ಕಳೆದುಕೊಂಡಿರುತ್ತದೆ. ಎಷ್ಟು ಗಟ್ಟಿಯಾಗಿ ಕಂಡರೂ ಅದು ಕೆಸರಿನ ನೆಂಟನೇ. ನೀರಿನಲ್ಲಿಟ್ಟರೆ ಮರಳಿ ತವರನ್ನು ಸೇರುವುದು.

ಜೇಡಿಯ ಕಣಗಳು ಅತಿ ಸೂಕ್ಷ್ಮವಾದ, ಚಪ್ಪಟೆಯಾದ ಬಿಲ್ಲೆಗಳು. ಹಸಿಯಾಗಿರುವಾಗ ಪ್ರತಿ ಎರಡು ಬಿಲ್ಲೆಗಳ ನಡುವೆಯೂ ನೀರಿನ ತೆಳುವಾದ ಪೊರೆಯಿರುವುದರಿಂದ ಅವು ಒಂದರ ಮೇಲೊಂದು ಜಾರುವುವು. ಮಣ್ಣು ಬೆರಳಿಗೆ ಬಗ್ಗುವುದು ಇದರಿಂದಲೇ. ನೀರು ಆವಿಯಾದ ಹಾಗೆಲ್ಲ ಬಿಲ್ಲೆಗಳು ಒತ್ತೊತ್ತಾಗಿ ಬಂದು ಇಡೀ ಮುದ್ದೆಯು ಕುಗ್ಗುವುದು. ಒಂದಕ್ಕೊಂದು ತಗುಲಿದ ಮೇಲೆ ಕುಗ್ಗುವಿಕೆ ನಿಂತು, ಬಣ್ಣವು ತಿಳಿಯಾಗುವುದು. ಹೊರಮೈ ಬೇಗ ಒಣಗಿ ಕುಗ್ಗಿ, ಒಳಭಾಗವು ಹಸಿಯಾಗಿ ಹಿಗ್ಗಿಯೇ ಇದ್ದರೆ, ಹೊರಮೈ ಸೀಳದೆ ಬೇರೆ ದಾರಿಯಿಲ್ಲ. ಬೇಸಗೆಯಲ್ಲಿ ಕೆರೆಯ ಅಂಗಳವು ಬಾಯ್ಬಿಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಆದಕಾರಣ ಕೆಲಸಕ್ಕೆ ತೊಡಗುವ ಮುನ್ನ ಪ್ರತಿಯೊಂದು ಬಗೆಯ ಮಣ್ಣನ್ನೂ ಪರೀಕ್ಷಿಸತಕ್ಕದ್ದು. ಒಂದು ಗೇಣುದ್ದದ ಪಟ್ಟಿಯನ್ನು ತಟ್ಟಿ, ಅದರ ಮೇಲೆ ಸೂಜಿಯಿಂದ ಸರಿಯಾಗಿ ೧೦ ಸೆಂಟಿಮೀಟರಿನ ಗೆರೆಯನ್ನೆಳೆದು, ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಿ ಪುನಃ ಅಳೆಯಬೇಕು. ಗೆರೆಯು ೯.೨ ಸೆಂಟಿಮೀಟರಿಗೆ ಇಳಿದಿದ್ದರೆ ಆ ಮಣ್ಣು ನೂರಕ್ಕೆ ಎಂಟು ಪಾಲು ಕುಗ್ಗುವುದೆಂದು ತಿಳಿಯಬೇಕು. ಸಾಧಾರಣವಾದ ಜೇಡಿಮಣ್ಣು ನೂರಕ್ಕೆ ಐದರಿಂದ ಹತ್ತರವರೆಗೆ ಕುಗ್ಗುವುದುಂಟು. ಎರೆಯ ಹೊಲದ ಕರಿಮಣ್ಣು ಇದಕ್ಕೂ ಮೀರಿದ್ದು. ಅದರ ಕಣಗಳು ತಮ್ಮ ನಡುವೆ ಮಾತ್ರವಲ್ಲದೆ ತಮ್ಮ ಪದರಗಳ ಒಳಗೂ ನೀರನ್ನು ಎಳೆದುಕೊಂಡು ಉಬ್ಬುವುದರಿಂದ, ಒಣಗುವಾಗ ಮಿತಿಮೀರಿ ಸೀಳುವುದು. ಹತ್ತಿಗೂ ಜೋಳಕ್ಕೂ ತಾಯಿಯಂತಿರುವ ಆ ಮಣ್ಣು ಮಾದರಿಯ ಕೆಲಸಕ್ಕೆ ಮಲತಾಯಿ.

ಕುಂಬಾರರು ತರುವ ಕೆರೆಯ ಗೋಡುಮಣ್ಣು ನಮಗೆ ತಕ್ಕದ್ದು. ಅದನ್ನು ಒಣಗಿಸಿ ಕುಟ್ಟಿ, ನೀರಿನಲ್ಲಿ ಕದಡಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿ, ತಿಳಿನೀರನ್ನು ಬಸಿದು, ಕೈಗೆ ಅಂಟದ ಹದಕ್ಕೆ ಬರುವವರೆಗೆ ಬಿಡಬೇಕು. ಹಳೆಯ ವೃತ್ತಪತ್ರಿಕೆಗಳನ್ನು ಹರಿದು ಒಂದು ರಾತ್ರಿ ನೆನೆಯಿಟ್ಟು, ಕುದಿಸಿ, ಒರಳಿನಲ್ಲಿ ರುಬ್ಬಿ ಹಿಂಡಿದ ತಿರುಳನ್ನು, ಮಣ್ಣು ಮೂರು ಪಾಲಿಗೆ ಒಂದು ಪಾಲಿನಂತೆ ಬೆರೆಸಿ ನಾದಬೇಕು. ಕಾಗದದ ನಾರು ಒಣಗುತ್ತಿರುವ ಮಣ್ಣನ್ನು ಅಲ್ಲಲ್ಲಿ ಹೊಲಿದು ಹಿಡಿಯುವುದು. ಅಂಟಿಗೆ ಹುಣಿಸೆಯ ಬೀಜವನ್ನು ನೆನೆಯಿಟ್ಟು ಅರೆದು ಕಾಯಿಸಿದ ಸರಿಗಿಂತ ಉತ್ತಮವಾದುದನ್ನು ನಾವು ಕಾಣೆವು. ಈ ಮಿಶ್ರಣವು ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದರಿಂದ ಕೆಲವು ತೊಟ್ಟು ಲವಂಗದ ಎಣ್ಣೆಯನ್ನು ಸೇರಿಸಬಹುದು. ಕೆಲವರು ಮೈಲುತುತ್ತವನ್ನು ಹಾಕುವರು. ಅದು ವಿಷವಾದುದರಿಂದ ಮಕ್ಕಳ ಕೈಗೆ ಕೊಡತಕ್ಕುದಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆಯ ಅಂಗಗಳನ್ನು ಕಡೆದು, ಗೋಣಿಯ ನಾರು, ಮರದ ಹೊಟ್ಟು, ಹುಣಿಸೆಬೀಜದ ಅಂಟು ಇವುಗಳಿಂದಾದ ಕಿಟ್ಟವೆಂಬ ಮುದ್ದೆಯಿಂದ ಅವನ್ನು ಜೋಡಿಸಿ ತಿದ್ದುವರು. ಒಡವೆಗಳ ಉಬ್ಬುಗೆಲಸಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿಕೊಳ್ಳುವರು. ಬೊಂಬೆಯ ಒಡಲು ಮರ. ಮೇಲಣ ಚರ್ಮವು ಮಾತ್ರ ಮುದ್ದೆ. ನಮ್ಮ ಇಡೀ ಲೇಖನದ ಸಾರವು ಆ ಬೊಂಬೆಯಲ್ಲಿಯೇ ಅಡಗಿದೆ: ಒಣಗುವ ಮಣ್ಣನ್ನು ಒಡಲಾಗಿ ಮಾಡಿಕೊಳ್ಳದೆ ಚರ್ಮವಾಗಿ ಮಾಡಿಕೊಳ್ಳಬೇಕು.

ಇನ್ನು ಹೊನ್ನಾಳಿಯ ವಿಷಯ. ೧೯೯೭ರವರೆಗೆ ಶಿವಮೊಗ್ಗ ಜಿಲ್ಲೆಗೂ ಅಲ್ಲಿಂದೀಚೆಗೆ ದಾವಣಗೆರೆ ಜಿಲ್ಲೆಗೂ ಸೇರಿರುವ ಈ ಊರು ತುಂಗಭದ್ರಾ ನದಿಯ ದಡದಲ್ಲಿದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದ ಮೇಲೆ ನದಿಯು ಉತ್ತರಾಭಿಮುಖವಾಗಿ ಇಲ್ಲಿಗೆ ಬರುವುದು. ಮಲೆನಾಡಿನಲ್ಲಿ ಮಳೆ ಬಲವಾಗಿ, ಗಾಜನೂರಿನ ಅಣೆಕಟ್ಟಿನಿಂದಲೂ ಲಕ್ಕವಳ್ಳಿಯ ಅಣೆಕಟ್ಟಿನಿಂದಲೂ ಏಕಕಾಲದಲ್ಲಿ ನೀರನ್ನು ಬಿಟ್ಟರೆ, ಹೊನ್ನಾಳಿಯಲ್ಲಿ ಮೋಡವಿಲ್ಲದ ದಿನವೂ ಹೊಳೆಯು ಏರಬಹುದು. ೨೦೧೯ರ ಆಗಸ್ಟಿನಲ್ಲಿ ಹೊಳೆದಂಡೆಯ ತಗ್ಗಿನ ಕೇರಿಗಳಿಗೆ ನೀರು ನುಗ್ಗಿ ಜನರು ಮನೆಗಳನ್ನು ಬಿಡಬೇಕಾಯಿತು. ಇಂಥ ಊರಿನ ಮಾದರಿಯನ್ನು ಮಾಡುವ ಬಾಲಿಕೆಯು ಆಟದ ಸಾಮಾನನ್ನು ಮಾಡುತ್ತಿಲ್ಲ. ಯಾವ ಮನೆಯ ಹೊಸ್ತಿಲಿಗೆ ನೀರು ಮೊದಲು ಬರುವುದು, ಮುದುಕರನ್ನೂ ದನಗಳನ್ನೂ ಯಾವ ಬೀದಿಯಿಂದ ಮೇಲಕ್ಕೆ ಕರೆದೊಯ್ಯಬಹುದು, ಎಂಬುದನ್ನು ಆ ಹಲಗೆಯ ಮೇಲೆ ಬೆರಳಿಟ್ಟು ತೋರಿಸಲು ಸಾಧ್ಯವಾಗಬೇಕು.

ಐನೂರರಲ್ಲಿ ಒಂದು ಪಾಲಿನ ಪ್ರಮಾಣವನ್ನು ತೆಗೆದುಕೊಂಡರೆ, ೧೨೦ ಸೆಂಟಿಮೀಟರು ಉದ್ದ, ೯೦ ಸೆಂಟಿಮೀಟರು ಅಗಲದ ಹಲಗೆಯ ಮೇಲೆ ೬೦೦ ಮೀಟರು ಉದ್ದ, ೪೫೦ ಮೀಟರು ಅಗಲದ ಹೊಳೆದಂಡೆಯು ಹಿಡಿಸುವುದು. ಒಂದು ಮೀಟರು ಎತ್ತರಕ್ಕೆ ಎರಡು ಮಿಲಿಮೀಟರು. ನಾಲ್ಕು ಮೀಟರು ಎತ್ತರದ ಹೆಂಚಿನ ಮನೆ ಎಂಟು ಮಿಲಿಮೀಟರು. ಹದಿನೈದು ಮೀಟರಿನ ಅಡಿಕೆಯ ಮರ ಮೂರು ಸೆಂಟಿಮೀಟರು. ಮನುಷ್ಯನು ಒಂದು ಅಕ್ಕಿಯ ಕಾಳಿಗಿಂತಲೂ ಚಿಕ್ಕವನು. ನದಿಯ ಪಾತ್ರದಿಂದ ದಡದ ನೆತ್ತಿಯವರೆಗೆ ಹತ್ತು ಮೀಟರೆಂದು ಭಾವಿಸೋಣ. ಮಾದರಿಯಲ್ಲಿ ಅದು ೨೦ ಮಿಲಿಮೀಟರು. ಈ ದಡವನ್ನು ಇಡಿಯಾಗಿ ಮಣ್ಣಿನಿಂದಲೇ ಕಟ್ಟಿದರೆ, ನೂರಕ್ಕೆ ಎಂಟರಂತೆ ಕುಗ್ಗಿ ಒಣಗುವಷ್ಟರಲ್ಲಿ ೧.೬ ಮಿಲಿಮೀಟರು ಇಳಿಯುವುದು. ಕಣ್ಣಿಗೆ ಅದು ಏನೂ ಅಲ್ಲ. ಆದರೆ ಊರಿನ ಲೆಕ್ಕದಲ್ಲಿ ಅದು ೮೦ ಸೆಂಟಿಮೀಟರು, ಎಂದರೆ ಹೆಂಗಸರ ನಡುವಿನ ಹತ್ತಿರಕ್ಕೆ ಬರುವ ನೀರು. ಪ್ರವಾಹದ ಮಟ್ಟವನ್ನು ತೋರಿಸುವ ಗೆರೆಯನ್ನು ಹಲಗೆಯಿಂದ ಅಳೆದು ಬರೆದಾಗ, ವಾಸ್ತವವಾಗಿ ನೀರು ಮುಟ್ಟದ ಮನೆಗಳು ಮಾದರಿಯಲ್ಲಿ ಮುಳುಗಿ ನಿಲ್ಲುವುವು. ಅದೇ ದಡವನ್ನು ಗಟ್ಟಿಯಾದ ರಟ್ಟಿನಿಂದ ಕಟ್ಟಿ ಮೇಲೆ ಮೂರು ಮಿಲಿಮೀಟರು ಮಣ್ಣನ್ನು ಮಾತ್ರ ಬಳಿದರೆ, ಇಳಿಯುವುದು ಒಂದು ಮಿಲಿಮೀಟರಿನ ಕಾಲು ಭಾಗಕ್ಕೂ ಕಡಮೆ. ಊರಿನ ಲೆಕ್ಕದಲ್ಲಿ ಸುಮಾರು ೧೨ ಸೆಂಟಿಮೀಟರು, ಒಂದು ಮೆಟ್ಟಿಲಿಗಿಂತಲೂ ಕಿರಿದು. ಬಿರುಕು ಬಿಟ್ಟ ಮಾದರಿಯು ಸುಳ್ಳು ಹೇಳುವುದೆಂದು ಮೇಲೆ ಹೇಳಿದೆವಷ್ಟೆ. ಬಿರುಕೇ ಬಿಡದೆ ಅಂದವಾಗಿ ಕುಗ್ಗಿದ ಮಾದರಿಯ ಸುಳ್ಳು ಅದಕ್ಕಿಂತಲೂ ಅಪಾಯಕರವಾದುದು, ಏಕೆಂದರೆ ಅದನ್ನು ಯಾರೂ ಸಂಶಯಿಸುವುದಿಲ್ಲ.

ಊರಿನ ಎತ್ತರ ತಗ್ಗುಗಳನ್ನು ತಿಳಿಯುವುದು ಹೇಗೆಂಬ ಪ್ರಶ್ನೆಯು ಸಹಜವಾಗಿ ಹುಟ್ಟುವುದು. ಸರ್ವೇ ಇಲಾಖೆಯ ಐವತ್ತು ಸಾವಿರಕ್ಕೊಂದು ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ನಡುವಣ ಅಂತರವು ಸಾಮಾನ್ಯವಾಗಿ ೨೦ ಮೀಟರು. ಹೊಳೆದಂಡೆಯ ಇಡೀ ಊರು ಎರಡು ಗೆರೆಗಳ ನಡುವೆ ಅಡಗಿಬಿಡಬಹುದು. ಇಲ್ಲಿ ನಕ್ಷೆಗಿಂತ ಗೋಡೆಗಳೇ ಉಪಯುಕ್ತವಾದ ಪುಸ್ತಕಗಳು. ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹೊಳೆದಂಡೆಯ ಮನೆಯವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುವರು. ಗಾರೆಯವರು ಬಳಸುವ ಪಾರದರ್ಶಕವಾದ ನೀರುಮಟ್ಟದ ಕೊಳವೆಯೊಂದಿದ್ದರೆ ಆ ಗುರುತನ್ನು ಮನೆಯಿಂದ ಮನೆಗೆ ಸಾಗಿಸಬಹುದು: ಕೊಳವೆಯಲ್ಲಿ ನೀರನ್ನು ತುಂಬಿ, ಗಾಳಿಯ ಗುಳ್ಳೆಗಳಿಲ್ಲದಂತೆ ನೋಡಿಕೊಂಡು, ಒಂದು ತುದಿಯ ನೀರನ್ನು ಗುರುತಿಗೆ ಸರಿಹೊಂದಿಸಿದರೆ, ಇನ್ನೊಂದು ತುದಿಯ ನೀರು ಬೀದಿಯ ಆಚೆಯೂ ಅದೇ ಮಟ್ಟದಲ್ಲಿ ನಿಲ್ಲುವುದು. ಅಲ್ಲಿಂದ ನೆಲದವರೆಗೆ ಅಳೆದರೆ ಆ ಜಾಗದ ತಗ್ಗು ದೊರೆಯಿತು. ಕೆಲವು ನೂರು ಮೀಟರುಗಳ ಅಂತರದಲ್ಲಿ ಹೊಳೆಯ ಇಳಿಜಾರು ಬಹು ಅಲ್ಪವಾದುದರಿಂದ ಮಾದರಿಯ ಮಟ್ಟಿಗೆ ಇಷ್ಟು ಸಾಕು. ಸಮುದ್ರಮಟ್ಟದಿಂದ ಊರಿನ ಎತ್ತರವೆಷ್ಟೆಂಬುದು ನಮಗೆ ಬೇಕಾಗಿಯೇ ಇಲ್ಲ. ೨೦೧೯ರ ನೀರಿನಿಂದ ಕೆಳಕ್ಕೆಷ್ಟು, ಮೇಲಕ್ಕೆಷ್ಟು, ಎಂಬುದೇ ಬೇಕಾದ ಅಳತೆ. ಈ ಕೆಲಸವನ್ನು ಬೇಸಗೆಯಲ್ಲಿ, ಇಬ್ಬಿಬ್ಬರಾಗಿ, ಹಿರಿಯರನ್ನು ಜೊತೆಗಿಟ್ಟುಕೊಂಡು ಮಾಡತಕ್ಕದ್ದು. ಹೊಳೆಯ ಅಂಚಿಗೆ ಮಕ್ಕಳನ್ನು ಕಳುಹಿಸಬೇಕಾದ ಅವಶ್ಯಕತೆ ಇಲ್ಲ.

ಎರಡು ಮಿಲಿಮೀಟರು ದಪ್ಪದ ರಟ್ಟು ದೊರೆತರೆ ಒಂದೊಂದು ಹಾಳೆಯೂ ಒಂದೊಂದು ಮೀಟರು ಎತ್ತರವನ್ನು ತಾನಾಗಿಯೇ ತೋರಿಸುವುದು. ಮೇಲಣ ಮಣ್ಣಿನ ದಪ್ಪಕ್ಕಾಗಿ ಮೂರು ಮಿಲಿಮೀಟರನ್ನು ಮೊದಲೇ ಬಿಟ್ಟು ಹಾಳೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಕತ್ತರಿಸಿ ಅಂಟಿಸಬೇಕು. ಹಸಿಮಣ್ಣು ತಗುಲಿದರೆ ರಟ್ಟು ಉಬ್ಬುವುದರಿಂದ ಅದಕ್ಕೆ ಎರಡು ಸಲ ವಾರ್ನಿಷನ್ನು ಬಳಿಯುವುದು ಅವಶ್ಯ. ಅಡಿಯ ಹಲಗೆಗೆ ಮೇಲುಗಡೆ ಮಾತ್ರವಲ್ಲದೆ ಕೆಳಗಡೆಯೂ ಬಳಿಯಬೇಕು. ಇಲ್ಲವಾದರೆ ಒಂದು ಮೈ ನೀರು ಕುಡಿದು ಹಿಗ್ಗಿ, ಇನ್ನೊಂದು ಹಾಗೆಯೇ ಉಳಿದು, ಹಲಗೆಯು ದೋಣಿಯಂತೆ ಬಾಗುವುದು. ಥರ್ಮೋಕೋಲಿನ ಮೇಲೆ ಮಣ್ಣು ನಿಲ್ಲದು. ಉಪಯೋಗಿಸಲೇಬೇಕಾದರೆ ಮೊದಲು ಕಾಗದದ ಚೂರುಗಳನ್ನು ಅಂಟಿಸಿ ಒರಟು ಮಾಡಿಕೊಳ್ಳಬೇಕು. ಬೆಟ್ಟಗಳ ಒಡಲಿಗೆ ಕಾಗದದ ಉಂಡೆಗಳೇ ಸಾಕು.

ಮಣ್ಣನ್ನು ಬಳಿಯುವ ಮುನ್ನ ಅದನ್ನೇ ಮಜ್ಜಿಗೆಯಂತೆ ತೆಳುವಾಗಿ ಕದಡಿ, ಅಂಟನ್ನು ಬೆರೆಸಿ, ಒಂದು ಪೂಚು ಕೊಡಬೇಕು. ಬಳಿಕ ಅಂಗೈಯಗಲದ ಬಿಲ್ಲೆಗಳನ್ನು ತಟ್ಟಿ ಒಂದರ ಅಂಚು ಇನ್ನೊಂದರ ಅಂಚಿಗೆ ಹತ್ತುವಂತೆ ಒತ್ತುತ್ತ ಹೋಗಬೇಕು. ಒಣಗಿಸುವುದರಲ್ಲಿ ಆತುರವೇ ಶತ್ರು. ಬಿಸಿಲಿಗಿಡುವುದು, ಬೀಸಣಿಗೆಯ ಕೆಳಗಿಡುವುದು, ಒಲೆಯ ಬಳಿಗೆ ಒಯ್ಯುವುದು, ಇವೆಲ್ಲವೂ ಬಿರುಕನ್ನು ಕೂಗಿ ಕರೆದಂತೆ. ಮೊದಲ ದಿನವೆಲ್ಲ ಒದ್ದೆಬಟ್ಟೆಯನ್ನು ಮೇಲೆ ಹರಡಿ, ಎರಡನೆಯ ದಿನ ಒಣಬಟ್ಟೆಗೆ ಬದಲಾಯಿಸಿ, ಅನಂತರ ನೆರಳಿನಲ್ಲಿ ತೆರೆದಿಡತಕ್ಕದ್ದು. ಆದರೂ ಕೂದಲೆಳೆಯಷ್ಟು ಬಿರುಕುಗಳು ಬಂದೇ ಬರುವುವು. ಅವನ್ನು ಒದ್ದೆಮಾಡಿ ಅದೇ ಮಣ್ಣಿನ ಸರಿಯಿಂದ ತುಂಬಿ, ಮೇಲೆ ತೆಳುವಾಗಿ ಇನ್ನೊಂದು ಪೂಚು ಕೊಟ್ಟರೆ ಕಾಣಿಸವು. ಒಂದೆರಡನ್ನು ಹೊಲದಲ್ಲಿ ಹಾಗೆಯೇ ಬಿಟ್ಟರೂ ಹಾನಿಯಿಲ್ಲ. ಬೇಸಗೆಯ ಹೊಲವೂ ಹಾಗೆಯೇ ಇರುತ್ತದಲ್ಲವೆ?

ಮಣ್ಣು ಅರೆಹಸಿಯಾಗಿರುವಾಗಲೇ ಮೇಲ್ಮೈಯ ಚಿತ್ರವನ್ನು ಮೂಡಿಸಬೇಕು. ನಿಜವಾದ ಕಲ್ಲಿನ ಚೂರನ್ನು ಒತ್ತಿದರೆ ಬಂಡೆಯ ಮೈ ಬರುವುದು. ಹಳೆಯ ಬಾಚಣಿಗೆಯಿಂದ ಉತ್ತ ಹೊಲ, ನೂಲನ್ನು ಹುದುಗಿಸಿ ಎಳೆದರೆ ಗದ್ದೆಯ ಬದು. ತುಂಗಭದ್ರೆಯ ಮರಳನ್ನೇ ಜರಡಿಯಾಡಿ ಅಂಟಿನ ಮೇಲೆ ಉದುರಿಸಬಹುದು. ಆದರೆ ನಮ್ಮ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಕಾಳು ಅರ್ಧ ಮೀಟರಿನ ಗುಂಡಾಗುವುದರಿಂದ ಅತಿ ನವುರಾದುದನ್ನೇ ಆರಿಸಿಕೊಳ್ಳಬೇಕು. ಅಡಿಕೆಯ ಮರಗಳಿಗೆ ಪೊರಕೆಕಡ್ಡಿಗಳು ಚೆನ್ನಾಗಿ ಒಪ್ಪುವುವು. ಅವನ್ನು ಹಸಿಮಣ್ಣಿನಲ್ಲಿ ನೆಡಬೇಕೆಂದು ಎಲ್ಲರಿಗೂ ಆಸೆಯಾಗುವುದು, ಅದು ಕೂಡದು. ಮಣ್ಣು ಕುಗ್ಗುವುದು, ಕಡ್ಡಿ ಕುಗ್ಗದು. ಪ್ರತಿ ಕಡ್ಡಿಯ ಸುತ್ತಲೂ ನಕ್ಷತ್ರದಂತೆ ಬಿರುಕುಗಳು ಹೊರಡುವುವು. ಕಡ್ಡಿಗಿಂತ ತುಸು ದಪ್ಪವಾದ ಸೂಜಿಯಿಂದ ಮೊದಲು ತೂತುಗಳನ್ನು ಮಾಡಿಟ್ಟು, ಎಲ್ಲವೂ ಒಣಗಿದ ಮೇಲೆ ಅಂಟಿನಲ್ಲದ್ದಿ ನಿಲ್ಲಿಸಬೇಕು. ಬಣ್ಣವನ್ನೂ ಒಣಗಿದ ಮೇಲೆಯೇ ನಿರ್ಧರಿಸತಕ್ಕದ್ದು. ಕೆಮ್ಮಣ್ಣು, ಜಾಜು, ಸುಣ್ಣ, ಮಸಿ, ಇವುಗಳನ್ನು ತೆಳುವಾದ ಅಂಟಿನಲ್ಲಿ ಕಲಸಿದರೆ ಬರುವ ನೆಲದ ಬಣ್ಣವು ಡಬ್ಬಿಯ ಬಣ್ಣಗಳಲ್ಲಿ ಸಿಕ್ಕುವುದು ಕಷ್ಟ.

ತಾಲ್ಲೂಕಿನ ಅಥವಾ ಸೀಮೆಯ ಮಾದರಿಯಲ್ಲಿ ಮಾತ್ರ ಎತ್ತರವನ್ನು ಹೆಚ್ಚಿಸಿ ತೋರಿಸಬೇಕಾಗುವುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಎಂದರೆ ಶಾಂತಿಸಾಗರದಲ್ಲಿ, ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಗೆ ಏರಿಯನ್ನು ಕಟ್ಟಿ ಅಷ್ಟು ವಿಸ್ತಾರವಾದ ನೀರನ್ನು ನಿಲ್ಲಿಸಿರುವ ಚಾತುರ್ಯವು ಮಾದರಿಯಲ್ಲಿ ಬಹಳ ಸೊಗಸಾಗಿ ಕಾಣುವುದು. ಐವತ್ತು ಸಾವಿರಕ್ಕೊಂದರ ಪ್ರಮಾಣದಲ್ಲಿ ೨೦ ಮೀಟರು ಎತ್ತರಕ್ಕೆ ಅರ್ಧ ಮಿಲಿಮೀಟರೂ ಬಾರದಾದುದರಿಂದ, ಅಲ್ಲಿ ಪ್ರತಿ ೨೦ ಮೀಟರಿಗೆ ಒಂದು ರಟ್ಟಿನಂತೆ ಐದು ಪಾಲು ಹೆಚ್ಚಿಸಬಹುದು. ಹಾಗೆ ಮಾಡಿದುದನ್ನು ಹಲಗೆಯ ಮೇಲೆ ಬರೆದಿಡಬೇಕು. ಹೊಳೆದಂಡೆಯ ಮಾದರಿಯಲ್ಲಾದರೋ ಒಂದು ಕೂದಲಷ್ಟೂ ಹೆಚ್ಚಿಸಲಾಗದು.

ಪ್ರದರ್ಶನಕ್ಕೆ ಬಂದವರು ಸಾಮಾನ್ಯವಾಗಿ ಕೇಳುವುದೇನೆಂದರೆ, ಹೊಳೆಗೆ ನಿಜವಾದ ನೀರನ್ನೇಕೆ ಬಿಡಬಾರದೆಂದು. ಬಿಟ್ಟರೆ ಗಳಿಗೆಯೊಳಗಾಗಿ ದಡವು ಕರಗುವುದು. ಪ್ರವಾಹದ ಕಾಲದಲ್ಲಿ ಹಸಿ ಇಟ್ಟಿಗೆಯ ಮತ್ತು ಮಣ್ಣಿನ ಗೋಡೆಗಳು ಬುಡ ನೆನೆದು, ನೀರು ಇಳಿದ ಮೇಲೂ ಇದ್ದಕ್ಕಿದ್ದಂತೆ ಕುಸಿಯುವುದು ಇದೇ ಕಾರಣದಿಂದ. ಸುಟ್ಟ ಇಟ್ಟಿಗೆಗೂ ಸುಡದ ಇಟ್ಟಿಗೆಗೂ ಇರುವ ಭೇದವನ್ನು ತೋರಿಸಬೇಕೆಂದರೆ, ಒಣಗಿದ ಮಣ್ಣಿನ ಒಂದು ತುಂಡನ್ನೂ ಹೆಂಚಿನ ಒಂದು ಚೂರನ್ನೂ ಎರಡು ಬಟ್ಟಲು ನೀರಿನಲ್ಲಿಟ್ಟು ಮಾದರಿಯ ಪಕ್ಕದಲ್ಲಿರಿಸಿದರೆ ಸಾಕು. ಪಾಠವು ತಾನಾಗಿಯೇ ನಡೆಯುವುದು. ಹೊಳೆಯ ಪಾತ್ರಕ್ಕೆ ಬಣ್ಣವನ್ನು ಕೊಟ್ಟು, ವಾರ್ನಿಷನ್ನು ನಾಲ್ಕೈದು ಸಲ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಬಳಿದರೆ ನೀರಿನ ಹೊಳಪು ಬರುವುದು. ೨೦೧೯ರ ಮಟ್ಟಕ್ಕೆ ಊರಿನುದ್ದಕ್ಕೂ ಒಂದು ನೀಲಿ ಗೆರೆಯನ್ನೆಳೆದು, ಗೆರೆಗಿಂತ ಮೇಲಿರುವ ಬೀದಿಗಳನ್ನು ಬಿಳಿಯ ನೂಲಿನಿಂದ ಗುರುತಿಸಬೇಕು.

ಮಾದರಿಯನ್ನು ಗೋಡೆಯಿಂದ ದೂರದಲ್ಲಿ, ಗೆದ್ದಲು ಏರದಂತೆ ಎತ್ತರದ ಮೇಜಿನ ಮೇಲೆ ಇಡತಕ್ಕದ್ದು. ಮಳೆಗಾಲದಲ್ಲಿ ಕಾಗದದ ತಿರುಳು ತೇವವನ್ನೆಳೆಯುವುದರಿಂದ ಆಗಾಗ ನೋಡುತ್ತಿರಬೇಕು. ಹೊಳೆಯು ಮುಂದೆ ಎಂದಾದರೂ ಇನ್ನೂ ಮೇಲಕ್ಕೇರಿದರೆ ಹೊಸ ಗೆರೆಯನ್ನು ಬೇರೆ ಬಣ್ಣದಲ್ಲಿ ಎಳೆಯಬಹುದು. ಕೆಲಸದಲ್ಲಿ ಮಿಕ್ಕ, ಬಣ್ಣ ತಗುಲದ ಚೂರುಗಳನ್ನು ಒಂದು ರಾತ್ರಿ ನೆನೆಯಿಟ್ಟರೆ ಮತ್ತೆ ಹದವಾದ ಮಣ್ಣು ದೊರೆಯುವುದು. ತಿರುಳು ಸೇರಿದ ಮಣ್ಣು ಹಸಿಯಾಗಿದ್ದರೆ ಕೊಳೆಯುವುದರಿಂದ ಅದನ್ನು ಬಿಲ್ಲೆಗಳಾಗಿ ತಟ್ಟಿ ಒಣಗಿಸಿ, ಮಡಕೆಯಲ್ಲಿ ತುಂಬಿ, ಮುಂದಿನ ವರ್ಷದ ತರಗತಿಯವರಿಗೆ ಕೊಡಬಹುದು.